ಸೋಪಿನಜ್ಜಿಯ ಸೊಟ್ಟ ಮೂಗು

ಆ ಜಾಹೀರಾತು ಕಂಪನಿಯ ಮೂರನೇ ಮಹಡಿಯಲ್ಲಿ ಚಿತ್ರ ಬರೆಯುವವರು ಏಳು ಮಂದಿ, ಅವರಲ್ಲಿ ಎಲ್ಲರಿಗಿಂತ ಹಳಬಳು ಗೆರೆಯಕ್ಕ. "ಅಕ್ಕಾ, ಇಲ್ಲೊಂದು ಗೆರೆ ಸರಿ ಮಾಡಿಕೊಡಿ" ಎಂದು ಇಪ್ಪತ್ತೈದು ವರ್ಷದಿಂದ ಕಂಡಕಂಡವರೆಲ್ಲ ಅವಳ ಮೇಜಿನ ಮುಂದೆ ನಿಂತೂ ನಿಂತೂ ಆ ಹೆಸರು ಬಂದದ್ದು. ಬಿಸ್ಕತ್ತಿನ ಡಬ್ಬಿಯ ಮೇಲೆ ನಗುವ ಕರು, ಔಷಧದ ಸೀಸೆಯ ಮೇಲೆ ಕೆಮ್ಮುವ ಗಂಡಸು, ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹಲ್ಲು ಕಿಸಿಯುವ ಇಡೀ ಸಂಸಾರ, ಎಲ್ಲವೂ ಅವಳ ಕೈಯಿಂದ ಇಳಿದವೇ. ಯಾವುದರ ಮೂಲೆಯಲ್ಲೂ ಅವಳ ಸಹಿ ಇಲ್ಲ. ಜಾಹೀರಾತಿನ ಚಿತ್ರಕ್ಕೆ ಸಹಿ ಹಾಕುವ ಪದ್ಧತಿಯೇ ಇಲ್ಲ. ಕೈ ಮಾತ್ರ ನಿಮ್ಮದು, ಸಂಜೆ ಆ ಕೈ ತೊಳೆದುಕೊಂಡು ಮನೆಗೆ ಹೋಗಿ, ಅಷ್ಟೇ. ಅದಕ್ಕವಳು ಎಂದೂ ಬೇಸರಪಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಅವಳನ್ನು ಹೊಟ್ಟೆಕಿಚ್ಚಿನವಳು ಎಂದು ಯಾರೂ ಅನ್ನಬಾರದು.

ಆ ಚಿತ್ರಗಳಲ್ಲಿ ಒಂದು ಮಾತ್ರ ಬೇರೆ. ಅದು ಬಟ್ಟೆ ಸೋಪಿನ ನೀಲಿ ಪೊಟ್ಟಣದ ಮೇಲಿನ ಅಜ್ಜಿ. ರವಿಕೆಯ ತೋಳು ಮೇಲಕ್ಕೆ ಸರಿಸಿ, ಒಂದು ಹುಬ್ಬು ಎತ್ತಿ, ಕೊಳೆ ಎಲ್ಲಿದೆ ತೋರಿಸು ನೋಡೋಣ ಎನ್ನುವ ಹಾಗೆ ನಿಂತ ಮುದುಕಿ. ಅವಳ ಮೂಗು ಒಂದು ಕಡೆಗೆ ಸ್ವಲ್ಪ ಸೊಟ್ಟ. ಅಂಗಡಿಗೆ ಹೋದವರು ಸೋಪಿನ ಹೆಸರು ಮರೆತರೂ ಸೊಟ್ಟ ಮೂಗಿನಜ್ಜಿ ಸೋಪು ಕೊಡಿ ಎನ್ನುತ್ತಾರೆ, ಅಂಗಡಿಯವನು ತೆಗೆದುಕೊಡುತ್ತಾನೆ.

ಆ ಅಜ್ಜಿ ಬೇರೆ ಯಾರೂ ಅಲ್ಲ, ಗೆರೆಯಕ್ಕನ ಹೆತ್ತಮ್ಮ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೈ ಮುರಿದು ದುಡಿದವಳು. ಒಂದು ದಿನ ಹಿಂಡುವ ಯಂತ್ರದ ಹಿಡಿ ಕೈಜಾರಿ, ಗಿರ್ರನೆ ತಿರುಗಿ ಮುಖಕ್ಕೆ ಬಡಿದು ಮೂಗು ಮುರಿಯಿತು. ಮೂರನೇ ದಿನ ಮೂಗಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಹೋದಳು. ಮಗಳನ್ನು ಚಿತ್ರಕಲಾ ಶಾಲೆಗೆ ಸೇರಿಸಿ ಆಗಿನ್ನೂ ಆರು ತಿಂಗಳಾಗಿತ್ತು, ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಮುಂದೆ ಆ ಮಗಳು ಕೆಲಸಕ್ಕೆ ಸೇರಿದ ಮೊದಲ ವರ್ಷ, ಸೋಪಿಗೊಂದು ಮುಖ ಬೇಕು ಎಂದಾಗ ಅವಳಿಗೆ ಬೇರೆ ಮುಖ ಹೊಳೆಯಲೇ ಇಲ್ಲ. ಅಮ್ಮನಿಗಾಗ ಐವತ್ತು, ಕಾಗದದ ಮೇಲೆ ಇಪ್ಪತ್ತೈದು ವರ್ಷ ಸೇರಿಸಿ ಅಜ್ಜಿ ಮಾಡಿದಳು. ಈಗ ಅಮ್ಮನಿಗೆ ನಿಜವಾಗಿಯೂ ಎಪ್ಪತ್ತೈದು, ಪೊಟ್ಟಣದಿಂದ ಎದ್ದು ಬಂದವಳ ಹಾಗೆಯೇ ಇದ್ದಾಳೆ.

ಆ ಚಿತ್ರವನ್ನು ಸೋಪಿನ ಕಂಪನಿಗೆ ಹೊತ್ತುಕೊಂಡು ಹೋದವನು ಆಗಿನ ಹಿರಿಯ ಚಿತ್ರಕಾರ, ಈಗಿನ ಕಲಾ ನಿರ್ದೇಶಕ. ಮೂರನೇ ಮಹಡಿಯಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು ಮುಚ್ಚಳ ಎನ್ನುತ್ತಾರೆ. ಯಾರ ಮೇಜಿನ ಹತ್ತಿರ ಬಂದರೂ ಅವನ ಮೊದಲ ಮಾತು, "ಮುಚ್ಚಳ ಹಾಕಿಡಿ, ಒಣಗಿಬಿಡುತ್ತೆ." ಪೆನ್ನು ಹೋಗಿ ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ಆ ಮಾತು ಅವನ ಬಾಯಿಂದ ಇಳಿದಿಲ್ಲ. ಅಜ್ಜಿಯ ಚಿತ್ರವನ್ನು ತನ್ನ ಕಡತದಲ್ಲಿ ಇಟ್ಟುಕೊಂಡು ಹೋದವನು ಬರುವಾಗ ಅದರ ಹೆಸರನ್ನೂ ತಾನೇ ಹೊತ್ತುಕೊಂಡು ಬಂದ. ಅಜ್ಜಿಯ ಹೆಗಲ ಮೇಲೆ ಕಾಲಿಟ್ಟು ಮೇಲೆ ಹತ್ತಿದ, ಗಾಜಿನ ಕೋಣೆ ಸಿಕ್ಕಿತು, ಪೆನ್ಸಿಲು ಹಿಡಿಯುವುದನ್ನು ಬಿಟ್ಟ. ಗೆರೆಯಕ್ಕ ಚಕಾರ ಎತ್ತಲಿಲ್ಲ. ಹೊಸ ಕೆಲಸ, ಬಾಯಿ ಬಿಟ್ಟರೆ ಬಾಗಿಲು ತೋರಿಸುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು. ಕೆಲಸದ ಮೊದಲ ದಿನ ಅವಳ ಕೈಗೆ ತಿಳಿನೀಲಿ ಪೆನ್ಸಿಲು ಕೊಟ್ಟು ಕೈ ಹಿಡಿದು ಕಲಿಸಿದವನು ಅವನೇ. ಈ ನೀಲಿಯಲ್ಲಿ ಎಷ್ಟು ಬೇಕಾದರೂ ಗೀಚು, ಅದರ ಮೇಲೆ ಕಪ್ಪು ಶಾಯಿ ಎಳೆ, ಅಳಿಸುವ ಗೋಜೇ ಬೇಡ. ಅಚ್ಚಿನಮನೆಯ ಕ್ಯಾಮೆರಾ ಕಣ್ಣಿಗೆ ನೀಲಿಯೂ ಒಂದೇ ಬಿಳಿಯೂ ಒಂದೇ, ಕಪ್ಪು ಮಾತ್ರ ಕಾಣುತ್ತದೆ ಎಂದು ಹೇಳಿಕೊಟ್ಟಿದ್ದ. ಅವಳಿಗೆ ಅದು ಜಾದೂ ಕಂಡ ಹಾಗಾಗಿತ್ತು. ಈಗ ಆ ಪೆನ್ಸಿಲನ್ನು ಯಾರೂ ಮುಟ್ಟುವುದಿಲ್ಲ. ಅವಳ ಮೇಜಿನ ಸೆಳೆಖಾನೆಯಲ್ಲಿ ಮಾತ್ರ ಒಂದು ಡಬ್ಬಿ ತುಂಬ ಮೋಟು ಪೆನ್ಸಿಲುಗಳು ಉಳಿದಿದ್ದವು.

ಈ ವರ್ಷ ಸೋಪಿನಜ್ಜಿಗೆ ಇಪ್ಪತ್ತೈದು ತುಂಬಿತು. ದೊಡ್ಡ ಸಮಾರಂಭ, ಅದಾದ ಮೇಲೆ ಅಜ್ಜಿಯ ಕಥೆ ಹೇಳುವ ದಪ್ಪ ಪುಸ್ತಕ, ಎಂದು ಸೋಪಿನ ಕಂಪನಿ ತೀರ್ಮಾನಿಸಿತು. ಒಂದು ಬೆಳಿಗ್ಗೆ ಹಬೆಯಣ್ಣ ಒಂದು ವಾರಪತ್ರಿಕೆಯನ್ನು ತಂದು ಗೆರೆಯಕ್ಕನ ಮೇಜಿನ ಮೇಲೆ ಇಟ್ಟ. ಹಬೆಯಣ್ಣ ಪಕ್ಕದ ಮೇಜಿನವನು. ಕಾಫಿ ಲೋಟದ ಮೇಲೆ ಏಳುವ ಹಬೆ ಬರೆಯುವುದರಲ್ಲಿ ಅವನದು ಎತ್ತಿದ ಕೈ, ಉಳಿದಂತೆ ಮಾತು ಕಡಿಮೆ. ಪತ್ರಿಕೆಯಲ್ಲಿ ಮುಚ್ಚಳನ ಸಂದರ್ಶನ, ಕೈಕಟ್ಟಿ ನಿಂತ ಫೋಟೋ. ಸೊಟ್ಟ ಮೂಗಿನ ಅಜ್ಜಿ ತನ್ನ ಸ್ವಂತ ಅಜ್ಜಿಯೇ ಎಂದು ಅವನು ಹೇಳಿದ್ದ. ಚಿಕ್ಕಂದಿನಲ್ಲಿ ಸೀಬೆ ಮರದಿಂದ ಬಿದ್ದು ಆಕೆಯ ಮೂಗು ಸೊಟ್ಟಗಾಗಿತ್ತಂತೆ. ಆಕೆಯ ಮಡಿಲಲ್ಲಿ ಕೂತೇ ಇವನು ಚಿತ್ರ ಕಲಿತನಂತೆ. ಈ ಕಥೆಯೇ ಪುಸ್ತಕದ ಮೊದಲ ಪುಟವಾಗಲಿದೆ ಎಂದು ಕೊನೆಯಲ್ಲಿತ್ತು.

ಗೆರೆಯಕ್ಕ ಎರಡು ಸಲ ಓದಿದಳು. ಆ ದಿನ ಅವಳು ಒಂದು ಹಲ್ಲುಪುಡಿಗೆ ನಲವತ್ತು ಮಕ್ಕಳ ಮುಖ ಬರೆಯಬೇಕಿತ್ತು. ಸಂಜೆಗೆ ನೋಡಿದರೆ ನಲವತ್ತು ಮಕ್ಕಳೂ ಹಲ್ಲು ಕಡಿಯುತ್ತಿದ್ದವು.

ಮನೆಯಲ್ಲಿ ಅಮ್ಮ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಅಕ್ಷರ ಅಕ್ಷರ ಓದಿದಳು. ಓದಿ ಮುಗಿಸಿ ಕನ್ನಡಕ ತೆಗೆದಳು.

"ಸೀಬೆ ಮರ ಹತ್ತಿದ್ಲಂತಾ ಅವನಜ್ಜಿ?" ಎಂದಳು. "ಮೂಗಿಗೆ ಪಟ್ಟಿ ಕಟ್ಕೊಂಡು ಆಸ್ಪತ್ರೆ ಬಟ್ಟೆ ಒಗೆದೋಳು ನಾನು, ಮರ ಹತ್ತಿದೋಳು ಅವಳು. ನಿನ್ನ ಚಿತ್ರ ತಗೊಂಡಾಗ ಹಾಳಾಗಿ ಹೋಗ್ಲಿ ಅಂದೆ ಕಣೇ. ಈಗ ನನ್ನ ಮುಖಾನೇ ತಗೊಂಡ್ನಲ್ಲ. ಪುಸ್ತಕ ಅಚ್ಚಾದ್ಮೇಲೆ ಆ ಪೊಟ್ಟಣದ ಮೇಲಿರೋದು ನಾನಲ್ಲ, ಅವನಜ್ಜಿ. ನಾನು ಸತ್ತ ಮೇಲೂ ಅವನಜ್ಜಿನೇ."

ಗೆರೆಯಕ್ಕ ಸಮಾಧಾನ ಹೇಳಲಿಲ್ಲ. ಪುಸ್ತಕ ಅಚ್ಚಾಗುವುದರೊಳಗೆ ನಿನ್ನ ಮುಖ ನಿನಗೆ ವಾಪಸ್ ತಂದುಕೊಡುತ್ತೇನೆ ಎಂದಳು, ಅಷ್ಟೇ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮೊದಲ ಕರಡುಗಳೆಲ್ಲ ಕಚೇರಿ ಬದಲಿಸುವಾಗ ಕಸಕ್ಕೆ ಹೋಗಿದ್ದವು. ದೂರು ಕೊಟ್ಟರೆ ಸಾಕ್ಷಿ ಏನು ಎನ್ನುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರೆ, ಮುದುಕಿಯರೆಲ್ಲ ಒಂದೇ ಥರ ಇರುತ್ತಾರೆ ಬಿಡಿ ಎಂದು ಅವನು ನಕ್ಕುಬಿಡುತ್ತಾನೆ. ಇನ್ನು ನಿಜ ಹೇಳಬೇಕೆಂದರೆ, ಅವಳಿಗೆ ಬರೀ ನ್ಯಾಯ ಸಾಕಾಗಿರಲಿಲ್ಲ. ಅವನು ತುಂಬಿದ ಸಭೆಯಲ್ಲಿ, ತನ್ನ ಕೈಯಿಂದಲೇ ತನ್ನ ಮರ್ಯಾದೆ ಕಳೆದುಕೊಳ್ಳಬೇಕಿತ್ತು. ಇಪ್ಪತ್ತೈದು ವರ್ಷ ನುಂಗಿಕೊಂಡದ್ದೆಲ್ಲ ಒಂದೇ ವಾರದಲ್ಲಿ ಗಂಟಲಿಗೆ ಬಂದಿತ್ತು.

ಸಮಾರಂಭದ ಬಗ್ಗೆ ಮಾತಾಡಲು ಸೋಪಿನಮ್ಮ ಬಂದರು. ಕಂಪನಿಯ ಒಡತಿಯನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ವಯಸ್ಸಾಗಿದ್ದರೂ ಗಟ್ಟಿ ಹೆಂಗಸು, ಮನಸ್ಸಿಗೆ ಬಂದದ್ದು ಆಗಲೇಬೇಕು. ಭಾಷಣ, ಹಾರ, ಭಾಷಣ ಎಂದು ಮುಚ್ಚಳ ಪಟ್ಟಿ ಓದಿದ. ಸೋಪಿನಮ್ಮ ಆಕಳಿಸಿದರು. ವೇದಿಕೆಯ ನಕ್ಷೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದ ಗೆರೆಯಕ್ಕ ಆಗ ಮೆಲ್ಲಗೆ ಬಾಯಿ ಬಿಟ್ಟಳು.

"ಸಾಹೇಬರು ಎಲ್ಲರ ಎದುರಿಗೆ, ದೊಡ್ಡ ಬೋರ್ಡಿನ ಮೇಲೆ ಅಜ್ಜಿಯನ್ನ ಬಿಡಿಸಿ ತೋರಿಸಿದ್ರೆ ಚೆನ್ನಾಗಿರುತ್ತೆ ಮೇಡಂ. ಅವರ ಅಜ್ಜಿ ಅಲ್ವಾ, ಕಣ್ಮುಚ್ಚಿ ಬಿಡಿಸ್ತಾರೆ."

ಸೋಪಿನಮ್ಮ ಕೈ ತಟ್ಟಿದರು. ಅಲ್ಲಿಗೆ ಮಾತು ಮುಗಿಯಿತು. ಮುಚ್ಚಳನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇವನು ಸಿಕ್ಕಿಬಿದ್ದ ಎಂದು ಗೆರೆಯಕ್ಕ ಒಳಗೊಳಗೇ ಹಿಗ್ಗಿದಳು. ಆದರೆ ಇಷ್ಟು ವರ್ಷ ಬೇರೆಯವರ ಬೆವರಿನಲ್ಲಿ ಈಜಿದವನು ಅಷ್ಟು ಸುಲಭವಾಗಿ ಮುಳುಗುತ್ತಾನೆಯೇ? ಮರುದಿನ ಅವಳನ್ನು ಗಾಜಿನ ಕೋಣೆಗೆ ಕರೆಸಿ, ಕೂರಿಸಿ, ಬೆಣ್ಣೆ ಹಚ್ಚಲು ಶುರುಮಾಡಿದ. ಈಚೆಗೆ ತನ್ನ ಕೈ ಸ್ವಲ್ಪ ನಡುಗುತ್ತದೆ, ಕೆಲಸದ ಒತ್ತಡ. ಬೋರ್ಡಿನ ಮೇಲೆ ಅವಳೇ ಮೊದಲು ನೀಲಿ ಪೆನ್ಸಿಲಿನಲ್ಲಿ ಅಜ್ಜಿಯನ್ನು ತೆಳುವಾಗಿ ಬರೆದಿಟ್ಟರೆ, ತಾನು ಅದರ ಮೇಲೆ ಕಪ್ಪು ಎಳೆದುಕೊಂಡು ಹೋಗುತ್ತಾನೆ. ಕೆಳಗೆ ಕೂತವರಿಗೆ ನೀಲಿ ಕಾಣುವುದಿಲ್ಲ.

"ನಮ್ಮಜ್ಜಿ ಮುಖ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ," ಎಂದು ನಕ್ಕ.

ಇವನ ಮುಖಕ್ಕಿಷ್ಟು. ಕದ್ದ ಮುಖವನ್ನು ಮತ್ತೆ ಅವಳ ಕೈಯಿಂದಲೇ ಬರೆಸಿ, ಅದನ್ನು ನಮ್ಮಜ್ಜಿ ಎಂದು ಅವಳಿಗೇ ಹೇಳುವ ಧೈರ್ಯ ನೋಡಿ. ಗೆರೆಯಕ್ಕ ಆಗಲಿ ಸರ್ ಎಂದು ಎದ್ದು ಬಂದಳು. ತನ್ನ ಮೇಜಿಗೆ ಬಂದು ಸೆಳೆಖಾನೆ ಎಳೆದು, ನೀಲಿ ಪೆನ್ಸಿಲಿನ ಡಬ್ಬಿ ಮುಂದಿಟ್ಟುಕೊಂಡು ಕೂತಳು. ತುಂಬ ಹೊತ್ತು ಕೂತಳು. ಪಕ್ಕದಲ್ಲಿ ವೇದಿಕೆಯ ನಕ್ಷೆ ಬಿದ್ದಿತ್ತು. ಯಾವ ಹೊತ್ತಿಗೆ ಯಾವ ಬಣ್ಣದ ದೀಪ ಎಂದು ಅವಳೇ ತುಂಬಬೇಕಾದ ಜಾಗ ಇನ್ನೂ ಖಾಲಿ ಇತ್ತು.

ಅವತ್ತು ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಹೋದಳು. ಬಿಳಿ ರಟ್ಟಿನ ಮೇಲೆ ತಿಳಿನೀಲಿಯಲ್ಲಿ ಒಂದು ಮುಖ ಗೀಚಿ, ಅಮ್ಮನನ್ನು ಬಚ್ಚಲಿಗೆ ಕರೆದು, ಬಾಗಿಲು ಮುಚ್ಚಿ ಟಾರ್ಚು ಹಾಕಿದಳು. ಮುಖ ಸ್ಪಷ್ಟವಾಗಿ ಕಂಡಿತು. ಆಮೇಲೆ ಟಾರ್ಚಿನ ಬಾಯಿಗೆ ಆಚೆಬದಿ ಕಾಣುವಂಥ ತೆಳು ನೀಲಿ ಹಾಳೆ ಸುತ್ತಿ ಹಿಡಿದಳು. ರಟ್ಟು ಪೂರ್ತಿ ನೀಲಿಯಾಯಿತು, ಅದರ ಮೇಲಿನ ಗೆರೆ ಒಂದೂ ಇಲ್ಲ. ಅಮ್ಮ ರಟ್ಟನ್ನು ಮುಟ್ಟಿ ನೋಡಿದಳು, ತಿರುಗಿಸಿ ನೋಡಿದಳು.

"ಎಲ್ಲೋದ್ಲೇ?" ಎಂದಳು.

"ಅಲ್ಲೇ ಇದಾಳಮ್ಮ. ನೀಲಿ ಬೆಳಕಲ್ಲಿ ನೀಲಿ ಗೆರೆ ಕಾಣಲ್ಲ."

ಅಮ್ಮನಿಗೆ ವಿಷಯ ಹೊಳೆಯಲು ಕ್ಷಣ ಹಿಡಿಯಿತು. ಹೊಳೆದ ಮೇಲೆ ಬಚ್ಚಲಿನ ಕಲ್ಲಿನ ಮೇಲೆ ಕೂತು, ಬಾಯಿಗೆ ಬಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಮಾರಂಭಕ್ಕೆ ತಾನೂ ಬರುವುದೇ ಸೈ ಎಂದು ಅಲ್ಲೇ ಹೇಳಿದಳು.

ದೀಪದ ಪಟ್ಟಿಯಲ್ಲಿ ಗೆರೆಯಕ್ಕ ಬರೆದದ್ದು ಇಷ್ಟು: ಭಾಷಣ ಮುಗಿಯುವವರೆಗೆ ಬಿಳಿ, ಸಾಹೇಬರು ಬರೆಯಲು ಶುರುಮಾಡಿದ ಕೂಡಲೇ ಪೂರ್ತಿ ನೀಲಿ. ಕದ್ದುಮುಚ್ಚಿ ಮಾಡಲಿಲ್ಲ. ಆ ಹಾಳೆಯನ್ನು ಅವನ ಮುಂದೆಯೇ ಇಟ್ಟು, ಬೆರಳಿಟ್ಟು ತೋರಿಸಿ ಕೇಳಿದಳು.

"ಸರ್, ನೀವು ಬರೆಯುವಾಗ ನೀಲಿ ಬೆಳಕು. ಸರಿ ತಾನೇ?"

"ಸೋಪು ನೀಲಿ, ಪೊಟ್ಟಣ ನೀಲಿ. ಬೆಳಕು ಇನ್ನೇನು ಹಸಿರಿರಬೇಕಾ?" ಎಂದು ಸಹಿ ಗೀಚಿದ, ಫೋನಿನಿಂದ ತಲೆ ಎತ್ತಲಿಲ್ಲ.

ಅವಳು ತಕ್ಷಣ ಹೊರಡಲಿಲ್ಲ. ಬಾಗಿಲ ಬಳಿ ಒಂದು ಗಳಿಗೆ ನಿಂತಳು. ನೀಲಿ ಪೆನ್ಸಿಲಿನ ಗುಟ್ಟು ಕಲಿಸಿದವನು ಇವನೇ ಅಲ್ಲವೇ, ಈಗಲಾದರೂ ನೆನಪಾಗಬಹುದು. ನೆನಪಾದರೆ ಇವನೊಳಗೆ ಇನ್ನೂ ಒಬ್ಬ ಚಿತ್ರಕಾರ ಬದುಕಿದ್ದಾನೆ ಎಂದು ಲೆಕ್ಕ, ಬಿಟ್ಟುಬಿಡೋಣ ಎಂದುಕೊಂಡಳು. ಅವನು ತಲೆ ಎತ್ತಿದ. ಇನ್ನೂ ಇಲ್ಲೇ ಇದ್ದೀರಾ ಎಂದು ಕೇಳಿದ. ಅವಳು ಬಾಗಿಲು ಎಳೆದುಕೊಂಡು ಹೊರಗೆ ಬಂದಳು, ಅಲ್ಲಿಗೆ ಆ ಕನಿಕರವೂ ಮುಗಿಯಿತು.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಸಭಾಂಗಣದ ವೇದಿಕೆಯ ಮೇಲೆ, ಆಳೆತ್ತರದ ಬಿಳಿ ಬೋರ್ಡಿಗೆ ಅವಳು ನೀಲಿ ಗೆರೆ ಹಾಕಿದಳು. ಅದರಲ್ಲಿ ಮೋಸ ಮಾಡಲಿಲ್ಲ. ಹುಬ್ಬು, ಗಲ್ಲ, ಮುರಿದ ಮೂಗು, ಎಲ್ಲ ಇದ್ದ ಹಾಗೆಯೇ. ಇಪ್ಪತ್ತೈದು ವರ್ಷದಲ್ಲಿ ಅಷ್ಟು ಚೆನ್ನಾಗಿ ಅಮ್ಮ ಅವಳ ಕೈಗೆ ಬಂದಿರಲಿಲ್ಲ. ಸಂಜೆ ಮುಚ್ಚಳ ಬಂದು, ಬಿಳಿ ದೀಪದಲ್ಲಿ ನಿಂತು, ಗೆರೆಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿ ನೋಡಿ ತೃಪ್ತಿಪಟ್ಟ. ಪೆನ್ಸಿಲಿಗೆ ಮುಚ್ಚಳ ಇಲ್ಲದ್ದರಿಂದ ಬೇರೇನೂ ಹೇಳದೆ ಹೋದ.

ಸಮಾರಂಭದ ದಿನ ನಾನೂರು ಜನ. ಮೊದಲ ಸಾಲಿನಲ್ಲಿ ಸೋಪಿನಮ್ಮ, ಆರನೇ ಸಾಲಿನಲ್ಲಿ ಮೂರನೇ ಮಹಡಿಯವರು, ಅವರ ನಡುವೆ ತಲೆಗೆ ಬಟ್ಟೆ ಹೊದ್ದು ಕೂತ ಅಮ್ಮ. ಮುಚ್ಚಳ ಹೊಸ ಕೋಟು ತೊಟ್ಟು ಅಜ್ಜಿಯ ಕಥೆ ಹೇಳಿದ. ಸೀಬೆ ಮರ ಈ ಸಲ ಇನ್ನೂ ಎತ್ತರವಾಗಿತ್ತು. ಮರದಿಂದ ಬೀಳುವ ಜಾಗಕ್ಕೆ ಬಂದಾಗ ಅವನ ದನಿ ಗದ್ಗದವಾಯಿತು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅಮ್ಮ ಮಗಳ ತೊಡೆಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಮಾತು ಮುಗಿಸಿ ಅವನು ಬೋರ್ಡಿನತ್ತ ತಿರುಗಿದ, ದಪ್ಪ ಮಾರ್ಕರಿನ ಮುಚ್ಚಳ ತೆಗೆದ. ದೀಪದವನು ಪಟ್ಟಿಯಲ್ಲಿ ಇದ್ದ ಹಾಗೆ ಗುಂಡಿ ಒತ್ತಿದ. ವೇದಿಕೆ ನೀಲಿಯಾಯಿತು. ಸಭೆ ಆಹಾ ಎಂದಿತು.

ಮುಚ್ಚಳನ ಕೈ ಗಾಳಿಯಲ್ಲಿ ನಿಂತಿತು. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋದ, ಹಿಂದೆ ಬಂದ, ಅಂಗೈಯಿಂದ ಸವರಿದ. ಮೇಲೆ ದೀಪದ ಕಡೆ ನೋಡಿದ. ಆಗ ಅವನಿಗೆ ನೆನಪಾಯಿತು. ಗೆರೆಯಕ್ಕ ಆರನೇ ಸಾಲಿನಿಂದಲೇ ಅದನ್ನು ಕಂಡಳು, ಅವನ ಭುಜ ಇಳಿದ ರೀತಿಯಲ್ಲಿ. ಬೆಳಕು ಸ್ವಲ್ಪ ಬಿಳಿ ಮಾಡಿ ಎಂದು ಅವನು ಕೈ ಎತ್ತಿದ. ಮೊದಲ ಸಾಲಿನಿಂದ ಸೋಪಿನಮ್ಮ ಬೇಡ ಬೇಡ, ನಮ್ಮ ಸೋಪಿನ ಬಣ್ಣ, ಎಷ್ಟು ಚೆನ್ನಾಗಿದೆ, ನೀವು ಶುರುಮಾಡಿ ಎಂದರು. ದೀಪದವನು ಯಾರ ಮಾತು ಕೇಳಬೇಕೋ ಅವರ ಮಾತು ಕೇಳಿದ.

ಅವನು ಶುರುಮಾಡಿದ. ಮಾಡದೆ ಏನು ಮಾಡುತ್ತಾನೆ? ಗಲ್ಲ ಎಳೆದರೆ ಆಲೂಗಡ್ಡೆ ಬಂತು. ಎರಡು ಕಣ್ಣು ಎರಡು ದಿಕ್ಕಿಗೆ ಹೋದವು. ಎತ್ತಬೇಕಿದ್ದ ಹುಬ್ಬು ಇಳಿದು, ಅಜ್ಜಿ ಯಾರದೋ ಚಪ್ಪಲಿ ಕದ್ದು ಸಿಕ್ಕಿಬಿದ್ದವಳ ಹಾಗಾದಳು. ಬೆವರು ಅವನ ಕಿವಿಯ ಹಿಂದಿನಿಂದ ಹೊಸ ಕೋಟಿಗೆ ಇಳಿಯುತ್ತಿತ್ತು. ಸಭೆ ಮೊದಲು ಇದು ತಮಾಷೆ ಇರಬೇಕೆಂದು ನಕ್ಕಿತು, ಆಮೇಲೆ ಸುಮ್ಮನಾಯಿತು. ಕೊನೆಗೆ ಮೂಗು. ಮೂಗು ಸೊಟ್ಟ ಎನ್ನುವುದು ನೆನಪಿತ್ತು, ಎತ್ತ ಸೊಟ್ಟ ಎನ್ನುವುದು ನೆನಪಿರಲಿಲ್ಲ. ಒಂದು ಕ್ಷಣ ತಡವರಿಸಿ, ಕಣ್ಣುಮುಚ್ಚಿ ಎಳೆದೇಬಿಟ್ಟ.

ಆ ನಿಶ್ಶಬ್ದದಲ್ಲಿ ಆರನೇ ಸಾಲಿನಿಂದ ಒಂದು ಮುದಿ ದನಿ ಎದ್ದಿತು.

"ಆ ಕಡೆ ಅಲ್ಲಪ್ಪ. ಈ ಕಡೆ."

ಅಮ್ಮ ಎದ್ದು ನಿಂತಿದ್ದಳು. ತಲೆಯ ಮೇಲಿನ ಬಟ್ಟೆ ಜಾರಿಸಿ, ತೋರುಬೆರಳನ್ನು ತನ್ನ ಮೂಗಿನ ಮೇಲಿಟ್ಟು, ಅದು ಬಾಗಿದ ಕಡೆಗೆ ಎಳೆದು ತೋರಿಸಿದಳು. ನಾನೂರು ತಲೆ ತಿರುಗಿದವು. ಪ್ರತಿ ಕುರ್ಚಿಯ ಮೇಲೂ ಕೊಡುಗೆಯೆಂದು ಒಂದೊಂದು ಸೋಪಿನ ಪೊಟ್ಟಣ ಇಟ್ಟಿದ್ದರು. ಜನ ಪೊಟ್ಟಣ ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಪೊಟ್ಟಣ ನೋಡಿದರು. ಎತ್ತಿದ ಹುಬ್ಬು ಕೂಡ ಅದೇ ಆಗಿತ್ತು.

ಮುಚ್ಚಳ ಆ ನೀಲಿಯಲ್ಲಿ ಗೆರೆಯಕ್ಕನನ್ನು ಹುಡುಕಿದ. ಸಿಕ್ಕಳು. ವೇದಿಕೆಯ ಅಂಚಿಗೆ ಬಂದು ಮಾರ್ಕರನ್ನು ಅವಳತ್ತ ಚಾಚಿ, ನೀವೇ ಬನ್ನಿ, ಮುಗಿಸಿಕೊಡಿ ಎಂದ. ಕೇಳಿಸುವಷ್ಟು ದನಿಯೂ ಉಳಿದಿರಲಿಲ್ಲ, ತುಟಿ ಮಾತ್ರ ಆಡಿತು. ಅವಳು ಎದ್ದು, ಸಾಲು ದಾಟಿ, ಮೆಟ್ಟಿಲು ಹತ್ತಿ ಹೋದಳು. ಎರಡು ನಿಮಿಷದಲ್ಲಿ ಅವಳು ಆ ಮುಖವನ್ನು ಸರಿ ಮಾಡಬಲ್ಲಳು ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷ ಅವಳು ಮಾಡಿದ್ದೇ ಅದು. ಮಾರ್ಕರು ತೆಗೆದುಕೊಂಡಳು. ಅವನ ಇನ್ನೊಂದು ಕೈಯಿಂದ ಮುಚ್ಚಳವನ್ನೂ ತೆಗೆದುಕೊಂಡು, ಟಕ್ ಎಂದು ಹಾಕಿ, ಮಾರ್ಕರನ್ನು ಅವನ ಕೋಟಿನ ಜೇಬಿಗೆ ಸಿಕ್ಕಿಸಿದಳು.

"ಮುಚ್ಚಳ ಹಾಕಿಡಿ ಸರ್," ಎಂದಳು. "ಒಣಗಿಬಿಡುತ್ತೆ."

ಕೆಳಗೆ ಸೋಪಿನಮ್ಮ ಆಗಲೇ ಆರನೇ ಸಾಲಿಗೆ ಬಂದಿದ್ದರು. ಅಮ್ಮನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. ಮೂಗಿಗೆ ಏನಾಯಿತು ಎಂದು ಕೇಳಿದರು. ಅಮ್ಮ ಹಿಂಡುವ ಯಂತ್ರದ ಕಥೆ ಹೇಳಿದಳು, ಚಿತ್ರ ಬರೆದ ಮಗಳನ್ನೂ ಬೆರಳು ಮಾಡಿ ತೋರಿಸಿದಳು, ಸುತ್ತ ನಿಂತವರೆಲ್ಲ ಕೇಳಿದರು. ಅಮ್ಮನ ಕಥೆಯಲ್ಲಿ ಮರ ಇರಲಿಲ್ಲ.

ಆಮೇಲಿನದ್ದು ಬೇಗ ಮುಗಿಯಿತು. ಪುಸ್ತಕದ ಮೊದಲ ಪುಟ ಬದಲಾಯಿತು. ಅಲ್ಲಿ ಈಗ ಆಸ್ಪತ್ರೆಯ ಒಗೆಯುವ ಕೋಣೆಯಿದೆ, ಅಮ್ಮನ ಫೋಟೋ ಇದೆ, ಬರೆದವಳು ಮಗಳು ಎಂದಿದೆ. ಗಾಜಿನ ಕೋಣೆಯವನು ಆರೋಗ್ಯ ಸರಿಯಿಲ್ಲವೆಂದು ದೀರ್ಘ ರಜೆ ಹಾಕಿದ, ರಜೆ ಇನ್ನೂ ಮುಗಿದಿಲ್ಲ. ಗೆರೆಯಕ್ಕನಿಗೆ ಹಾರ ಬೀಳಲಿಲ್ಲ, ಗಾಜಿನ ಕೋಣೆಯೂ ಸಿಗಲಿಲ್ಲ. ಮರುದಿನ ಹಲ್ಲುಪುಡಿಯವರು ನಲವತ್ತು ಮಕ್ಕಳ ನಗು ಸರಿಯಿಲ್ಲ ಎಂದು ವಾಪಸ್ ಕಳಿಸಿದ್ದರು, ಕೂತು ಸರಿಮಾಡಿದಳು. ಈ ಸಲ ಮಕ್ಕಳು ಚೆನ್ನಾಗಿಯೇ ನಕ್ಕವು. ಪಾಪ ಅನ್ನಿಸಲಿಲ್ಲವಾ ಅಕ್ಕಾ ಎಂದು ಹಬೆಯಣ್ಣ ಒಮ್ಮೆ ಕೇಳಿದ. ಇಲ್ಲ ಎಂದಳು. ಸುಳ್ಳು ಹೇಳಲಿಲ್ಲ.

ಒಂದೇ ಒಂದನ್ನು ಮಾತ್ರ ಅವಳು ಕೇಳಿ ಪಡೆದಳು. ಸಭಾಂಗಣದವರು ಎಸೆಯಲು ಇಟ್ಟಿದ್ದ ಆ ಬೋರ್ಡನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದಳು. ಈಗ ಅದು ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಎದುರಿನ ಗೋಡೆಗೆ ಒರಗಿ ನಿಂತಿದೆ. ಹಗಲು ಬೆಳಕಿನಲ್ಲಿ ಕಪ್ಪು ಗೆರೆಗಳ ಅಡಿಯಲ್ಲಿ ತಿಳಿನೀಲಿಯ ಅಮ್ಮ ತೆಳ್ಳಗೆ ಕಾಣುತ್ತಾಳೆ. ಅವಳ ಮೇಲೆ, ಅವಳಿಗೆ ಎಲ್ಲೂ ತಾಗದೆ, ಆಲೂಗಡ್ಡೆ ಮುಖದ ಇನ್ನೊಬ್ಬಳು. ಬೆಳಿಗ್ಗೆ ಬಟ್ಟೆ ನೆನೆಹಾಕುವಾಗ ಅಮ್ಮ ಆ ಆಲೂಗಡ್ಡೆ ಮುಖವನ್ನು ಒಂದು ಗಳಿಗೆ ಕಣ್ತುಂಬ ನೋಡುತ್ತಾಳೆ. ಮನೆಗೆ ಯಾರೇ ಬರಲಿ, ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾಳೆ.

"ನೋಡಿ," ಎನ್ನುತ್ತಾಳೆ, "ಇವರೇ ನಮ್ಮ ಸಾಹೇಬರ ಅಜ್ಜಿ."